ಟಂಟಂ ನಿಲ್ಲಿಸಿದ ರೇವಪ್ಪ

ಆಲಮೇಲದಿಂದ ಸಿಂದಗಿಗೆ ಟಂಟಂ ಆಟೊ ಓಡಿಸುವ ರೇವಪ್ಪ ಮಾತಿನಲ್ಲಿ ಭಾರಿ ಧೈರ್ಯಸ್ಥ. ಆದರೆ ಕೋರ್ಟು ಅಂದರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ಅವನ ಕಾಕಾ ಯಾರದೋ ಜಗಳಕ್ಕೆ ಸಾಕ್ಷಿ ಹೇಳಲು ಹೋಗಿ ತಾರೀಖಿನ ಮೇಲೆ ತಾರೀಖು ಅಲೆದದ್ದನ್ನು ಕಣ್ಣಾರೆ ಕಂಡಿದ್ದ. ಹಾಗಾಗಿ ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಗಾಡಿ ನಿಧಾನ ಮಾಡಿ, ಅಯ್ಯೋ ಪಾಪ ಅಂದು, ಮತ್ತೆ ಜೋರು ಮಾಡುವುದೇ ಅವನ ರೂಢಿ. ಅವನೊಬ್ಬನದೇ ಏನು, ನಮ್ಮೆಲ್ಲರದೂ ಅದೇ ರೂಢಿ ಬಿಡಿ.

ಅವತ್ತು ಬೆಳಿಗ್ಗೆ ಬೈಕಿನವನೊಬ್ಬ ಕಬ್ಬಿನ ಟ್ರಾಲಿಗೆ ಗುದ್ದಿ ರಸ್ತೆ ಪಕ್ಕ ಬಿದ್ದಿದ್ದ. ತಲೆಯಿಂದ ರಕ್ತ ಇಳಿಯುತ್ತಿತ್ತು. ಉಸಿರು ಇನ್ನೂ ಇತ್ತು.

"ಗಾಡಿ ನಿಲ್ಲಸ್ರಿ" ಅಂದಳು ಹಿಂದೆ ಉಳಿದ ಪ್ರಯಾಣಿಕರ ಜೊತೆ ಕೂತಿದ್ದ ಜಯಮಾಲಾ. ಸಿಂದಗಿ ಕೋರ್ಟಿನ ಎದುರು ಇಬ್ಬರೇ ವಕೀಲರ ಒಂದು ಸಣ್ಣ ಕಚೇರಿ. ಅವರಲ್ಲಿ ಕಿರಿಯವಳು ಇವಳು. ಕೋರ್ಟು ಹೊಸದಾಗಿ ಏನು ಹೇಳಿತು, ಅದರಿಂದ ನಮಗೇನು ಎಂಬುದನ್ನು ಅವರು ವಾರವಾರ ಬಾಗಿಲ ಬಳಿಯ ಕರಿಹಲಗೆಯ ಮೇಲೆ ಬರೆಯುತ್ತಿದ್ದರು.

ರೇವಪ್ಪ ಒಲ್ಲದ ಮನಸ್ಸಿನಿಂದ ನಿಲ್ಲಿಸಿದ. ಅವಳು 108ಕ್ಕೆ ಫೋನ್ ಹಚ್ಚಿದಳು. ಆಂಬುಲೆನ್ಸ್ ದೂರದಲ್ಲಿತ್ತು. "ನಾವ ಒಯ್ಯೂಣು, ಅಣ್ಣಾರ."

"ಅಲ್ರಿ ವಕೀಲರ, ಮುಟ್ಟಿದ್ರ ನಾನ ಗುದ್ದೇನಿ ಅಂತಾರ. ಗಾಡಿ ಸ್ಟೇಷನ್ನಿಗೆ, ನಾ ಕೋರ್ಟಿಗೆ. ನನ್ನ ಹೇಣ್ತಿ ಮಕ್ಕಳನ್ನ ಯಾರು ನೋಡಬೇಕು?"

"ನಮ್ಮ ಹಲಗಿ ಓದೀರಿಲ್ಲೋ?"

"ಓದೇನಿ. ಪೊಲೀಸರು ಓದ್ಯಾರೇನ್ರಿ?"

"ಅದು ಸುಪ್ರೀಂ ಕೋರ್ಟಿನ ಮಾತು. ಈಗ ಕಾಯ್ದೆದಾಗೂ ಬಂದೈತಿ. ಗಾಯ ಆದವ್ರನ್ನ ದವಾಖಾನಿಗೆ ಒಯ್ದವ್ರಿಗೆ ಹೆಸರು, ವಿಳಾಸ ಹೇಳಂತ ಯಾರೂ ಒತ್ತಾಯ ಮಾಡಂಗಿಲ್ಲ. ಹಿಡದು ಕುಂದ್ರಸಂಗಿಲ್ಲ. ದವಾಖಾನ್ಯಾಗ ರೊಕ್ಕ ಕಟ್ಟಂತ ಅನ್ನಂಗಿಲ್ಲ. ಯಾರರೆ ತಂಟೆ ತಗದ್ರ ನಾ ಅದೇನಿ."

ರೇವಪ್ಪ ಬಿದ್ದವನ ಮುಖ ನೋಡಿದ. ಪಾಪ, ಏನೋ ಹೇಳಲು ತುಟಿ ಅಲುಗುತ್ತಿತ್ತು. "ಎಲ್ಲಾರೂ ಇಳೀರಿ, ಕೈ ಹಚ್ಚರಿ" ಅಂದೇಬಿಟ್ಟ. ತಲೆ, ಕುತ್ತಿಗೆ ಅಲುಗದಂತೆ ಹಿಡಿದು ಮೆಲ್ಲಗೆ ಟಂಟಂನಲ್ಲಿ ಮಲಗಿಸಿದರು.

ದವಾಖಾನೆಯಲ್ಲಿ ಖಾಕಿ ಕಂಡದ್ದೇ ರೇವಪ್ಪ ಜಯಮಾಲಾಳ ಹಿಂದೆ ಸರಿದ.

"ನೀವೇನ್ರಿ ಕರಕೊಂಡು ಬಂದವ್ರು?" ಪೊಲೀಸಪ್ಪ ಕೇಳಿದ.

"ಹೌದ್ರಿ."

"ಚಲೋ ಮಾಡಿದ್ರಿ. ಹೆಸರು ಹೇಳೂದು ಬಿಡೂದು ನಿಮಗ ಬಿಟ್ಟದ್ದು. ಹೋಗಬಹುದು ನೀವು."

ರೇವಪ್ಪ ಬೆಪ್ಪಾಗಿ ಜಯಮಾಲಾಳತ್ತ ನೋಡಿದ. ಅವಳು ನಗುತ್ತಿದ್ದಳು. ಅಷ್ಟರಲ್ಲಿ ನರ್ಸ್ ಹೊರಗೆ ಬಂದು, "ಎಚ್ಚರ ಆಗ್ಯಾನ್ರಿ. ಇನ್ನೊಂದಿಷ್ಟು ತಡ ಆಗಿದ್ರ ಉಳೀತಿದ್ದಿಲ್ಲ" ಅಂದಳು. ರೇವಪ್ಪ ಅಲ್ಲೇ ಬೆಂಚಿನ ಮೇಲೆ ಕುಸಿದು ದೊಡ್ಡದೊಂದು ಉಸಿರು ಬಿಟ್ಟ. ಎದೆ ಹಗುರಾಗಿ ಕಣ್ಣಲ್ಲಿ ನೀರು ಬಂತು.

ಹೊರಟವನು ಬಾಗಿಲಿಂದ ತಿರುಗಿ ಬಂದ. "ಸಾಹೇಬ್ರ, ಬರಕೋರಿ. ರೇವಪ್ಪ, ಟಂಟಂ ಸ್ಟ್ಯಾಂಡ್, ಆಲಮೇಲ. ಕೋರ್ಟಿಗೆ ಕರದ್ರೂ ಬರ್ತೇನಿ, ಕಂಡಷ್ಟು ಹೇಳ್ತೇನಿ."

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ದಾರಿಯಲ್ಲೂ ಯಾರೋ ಬಿದ್ದಿರಬಹುದು. 108ಕ್ಕೆ ಫೋನ್ ಮಾಡಿ. ತಡವಾಗುವುದಾದರೆ ನೀವೇ ದವಾಖಾನೆಗೆ ಒಯ್ಯಿರಿ. ಕಾಯ್ದೆ ನಿಮ್ಮ ಬೆನ್ನಿಗಿದೆ. ಹೆಸರು ಹೇಳುವುದು ಆಮೇಲಿನ ಮಾತು, ಅದು ನಿಮ್ಮ ಇಷ್ಟ. ಮೊದಲು ಗಾಡಿ ನಿಲ್ಲಿಸಿ.