ಡಬ್ಬಿ ಕುಲುಕಿದ ಕೈ

ಅಪ್ಪ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುತ್ತಿದ್ದಂತೆ ಧನಲಕ್ಷ್ಮಿ ಲೆನ್ಸಿಗೆ ಅಂಗೈ ಅಡ್ಡ ಇಟ್ಟಳು.

"ಮೊದ್ಲು ಸೀರೆ. ಆಮೇಲೆ ಫೋಟೋ."

ಜಗಲಿಯ ಮೇಲೆ ಅವಳ ಅವ್ವ ಬೆಟ್ಟಮ್ಮನ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಜಾರದಂತೆ ಪಂಚೆಯಿಂದ ಬಿಗಿದಿದ್ದರು. ಹೊಳೆನರಸೀಪುರದಲ್ಲಿ ಸತ್ತವರ ಫೋಟೋಗೆ ಜನ ಕರೆಯುತ್ತಿದ್ದುದು ಅವಳ ಅಪ್ಪ ಸ್ಟುಡಿಯೋ ಮಂಚಯ್ಯನನ್ನೇ. ಇವತ್ತು ಅವನ ಹೆಂಡತಿಯದೇ ತೆಗೆಯಬೇಕಿತ್ತು. ಮಣ್ಣಿಗೆ ಹೋಗುವ ಹೆಣ್ಣಿಗೆ ತವರಿನವರು ಕೊನೆಯ ಸೀರೆ ಹೊದಿಸಬೇಕು. ತವರೂರು ಕಟ್ಟಾಯದಿಂದ ಬೆಟ್ಟಮ್ಮನ ತಮ್ಮ ಲಕ್ಕಯ್ಯ ಬರಿಗೈಲಿ ಬಂದು ಬೇಲಿಯ ಹತ್ತಿರ ಬೀಡಿ ಸೇದುತ್ತಿದ್ದ.

"ನಿಮ್ಮವ್ವ ಯಾವತ್ತೂ ಯಾರನ್ನೂ ಕಾಯ್ಸಿದವಳಲ್ಲ ಕಣವ್ವ," ಎಂದ ಚಟ್ಟ ಕಟ್ಟಿ ಮುಗಿಸಿದ್ದ ಪಕ್ಕದ ಮನೆಯ ಚಿಕ್ಕಯ್ಯ. "ಇವತ್ತು ನೀನು ಆ ಅಭ್ಯಾಸ ಮಾಡಿಸ್ತಾ ಇದೀಯ."

ಧನಲಕ್ಷ್ಮಿ ನಗಲಿಲ್ಲ. "ಮಾವ, ಸೀರೆ ಎಲ್ಲಿ?"

"ನನ್ ಮದ್ವೆ ಫೋಟೋ ಎಲ್ಲಿ?" ಎಂದ ಲಕ್ಕಯ್ಯ. "ನಮ್ಮಪ್ಪ ಕೊನೇ ಸಲ ನಿಂತು ತೆಗೆಸ್ಕಂಡಿದ್ದು ಆ ರೀಲಲ್ಲಿ. ನಿಮ್ಮವ್ವ ರೀಲು ತೊಳೆಯೋ ಡಬ್ಬಿ ಕುಲುಕಿ ಅದ್ನೆಲ್ಲ ಆಳ್ ಮಾಡ್ಬುಟ್ಳು. ಅವತ್ತಿಗೇ ಋಣ ತೀರ್ತು."

* * *

ತೊಂಬತ್ತೊಂದರಲ್ಲಿ, ಆ ಮದುವೆಯ ಮಾರನೆಯ ದಿನ. ಮಂಚಯ್ಯ ಕಂಬಳಿಯೊಳಗಿನ ಕತ್ತಲಲ್ಲಿ ರೀಲನ್ನು ಡಬ್ಬಿಗೆ ಸುತ್ತಿಟ್ಟು ಮುಚ್ಚಿದ. ಔಷಧಿ ಹುಯ್ದ ಮೇಲೆ ರೀಲು ತೊಳೆಯುವ ಕೆಲಸ ಯಾವಾಗಲೂ ಬೆಟ್ಟಮ್ಮನದು. ಮಲಗಿದ ಮಗುವಿನ ಮಗ್ಗುಲು ಬದಲಿಸುವಂತೆ ಡಬ್ಬಿಯನ್ನು ಮಗುಚಿ, ನೆಟ್ಟಗೆ ಮಾಡಿ, ಗುಳ್ಳೆ ಬಿಡಲೆಂದು ಒಲೆಕಟ್ಟೆಗೆ ಮೆಲ್ಲಗೆ ತಟ್ಟಿ ಇಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಷ್ಟೇ.

"ಅಳಿಯ ಅಂತ ನೋಡ್ಲಿಲ್ಲ. ಫೋಟೋದವನು ಅಂತ ಕಡೇ ಪಂಕ್ತಿಗೆ ಕೂರಿಸಿದ್ರು ನಿಮ್ಮನೆಯವ್ರು," ಎಂದು ಮಂಚಯ್ಯ ಕೂಗಾಡಿದ.

"ಕರೆಯಕ್ಕೆ ಬಂದಿದ್ರು. ನೀವೇ ಕ್ಯಾಮೆರಾ ಬಿಟ್ಟು ಬರ್ಲಿಲ್ಲ."

ಅವನು ಡಬ್ಬಿ ಕಿತ್ತುಕೊಂಡ. ಬೈಯುತ್ತಲೇ, ಔಷಧಿ ಸೀಸೆ ಕುಲುಕುವಂತೆ ಬಿಡದೆ ಕುಲುಕಿದ. ಬೆಟ್ಟಮ್ಮ ಕೈ ಚಾಚಿದರೂ ಕೊಡಲಿಲ್ಲ. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಧನಲಕ್ಷ್ಮಿ ಎಲ್ಲ ನೋಡಿದಳು.

ರೀಲು ಒಣಗಿದಾಗ, ಬಿಡದೆ ಕುಲುಕಿದ್ದಕ್ಕೆ ಅಂಚಿನ ತೂತುಗಳಿಂದ ಹೊರಟ ಪಟ್ಟೆಗಳು ಎಲ್ಲರ ಮುಖದ ಮೇಲೂ ಹಾದಿದ್ದವು. ಫೋಟೋ ಕೇಳಲು ಬಂದ ಲಕ್ಕಯ್ಯನಿಗೆ ಮಂಚಯ್ಯ ಹೆಂಡತಿಯ ಕಡೆ ಬೆರಳು ತೋರಿಸಿದ.

"ನೀನು ಸುಮ್ಕಿರು," ಎಂದಳು ಬೆಟ್ಟಮ್ಮ ಮಗಳಿಗೆ. "ನಿಮ್ಮಪ್ಪನ ಕೈ ಕೆಟ್ಟಿದ್ದು ಅಂದ್ರೆ ಸ್ಟುಡಿಯೋಗೆ ಯಾರ್ ಬತ್ತಾರೆ?"

* * *

"ಅಪ್ಪ, ಹೇಳು. ಆ ಡಬ್ಬಿ ಯಾರ ಕೈಲಿತ್ತು?"

ಮಂಚಯ್ಯ ಕ್ಯಾಮೆರಾದ ಪಟ್ಟಿ ಸರಿಮಾಡಿಕೊಂಡ. "ಎಣ ಇಟ್ಕಂಡು ಪಂಚಾಯ್ತಿ ಮಾಡ್ತೀಯಾ?"

"ಮಣ್ಣು ಮಾಡಿದ್ಮೇಲೆ ಯಾರಿಗ್ ಹೇಳ್ತೀಯ? ಊರಿಗೆಲ್ಲ ಅವ್ವನ ಕೈ ದೂರ್ಕಂಡು ತಿರುಗ್ದೆ. ಕುಲುಕಿದ್ದು ನೀನು. ನಾನ್ ಕಂಡಿದೀನಿ."

"ಲೇ, ಅವಳೇ ಇಷ್ಟು ವರ್ಸ ಬಾಯಿ ಬಿಡ್ಲಿಲ್ಲ. ನಿಂಗೇನೇ ಬಂತು?"

ಲಕ್ಕಯ್ಯ ಬೀಡಿ ಎಸೆದು ಹತ್ತಿರ ಬಂದ.

"ಬಾಯಿ ಬಿಡ್ಲಿಲ್ಲ ಅಂದ್ರೆ ಏನ್ ಭಾವ?"

ಮಂಚಯ್ಯ ಕ್ಯಾಮೆರಾದೊಳಗೆ ನೋಡತೊಡಗಿದ. ಲಕ್ಕಯ್ಯ ಸ್ವಲ್ಪ ಹೊತ್ತು ಅಕ್ಕನ ಕೈಗಳನ್ನೇ ನೋಡಿದ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದು ಹೊರಟುಹೋದ.

"ಓದ ನೋಡು ನಿಮ್ ಮಾವ. ಈಗ ಸಮಾಧಾನ ಆಯ್ತಾ?" ಎಂದ ಮಂಚಯ್ಯ. "ಎತ್ರಪ್ಪ."

"ಯಾರೂ ಮುಟ್ಟಬೇಡಿ." ಧನಲಕ್ಷ್ಮಿ ಕುರ್ಚಿಗೆ ಅಡ್ಡ ನಿಂತಳು.

ಭಾನುವಾರ. ಪೇಟೆಯಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಮಹಡಿಯ ಕಿಟಕಿಯಿಂದ ಬಟ್ಟೆ ಅಂಗಡಿಯವನು ತಲೆ ಹೊರಹಾಕಿ, ಇವತ್ತು ರಜ, ನಾಳೆ ಬಾ ಎಂದು ಎರಡನೆಯ ಸಲ ಹೇಳುತ್ತಿದ್ದ. ಕೆಳಗೆ ಲಕ್ಕಯ್ಯ ತಲೆ ಎತ್ತದೆ, ಎರಡೂ ಅಂಗೈಗಳಿಂದ ಅಂಗಡಿಯ ಶಟರನ್ನು ಬಡಿಯುತ್ತಲೇ ಇದ್ದ.