ಎರಡನೆಯ ಗೀರು

"ಆಯ್ತು, ಕತ್ತರ್ಸ್ಲಾ ಅಭಿ," ಎಂದು ಕೆಂಪಣ್ಣ ಶೀಟಿನ ಮೇಲಿಂದ ಮೂಲೆಮಟ್ಟ ಎತ್ತಿಟ್ಟು ನೀರು ಕುಡಿಯಲು ಹೋದರು.

ಅವರ ಸ್ಕ್ರೈಬರಿನ ಮೊನೆ ಕಬ್ಬಿಣದ ಮೇಲೆ ಗೀರಿದ ಗೆರೆ ಬೆಳ್ಳಗೆ ಹೊಳೆಯುತ್ತಿತ್ತು. ಮೂವತ್ತು ಇಂಚಿಗೆ ಬೀಳಬೇಕಾದದ್ದು ಇಪ್ಪತ್ತೊಂಬತ್ತೂವರೆಗೆ ಬಿದ್ದಿತ್ತು. ಸೊಸೆ ಭವ್ಯಶ್ರೀಗೆ ನಿಂತಲ್ಲಿಂದಲೇ ಅದು ಕಂಡಿತು.

ಯುಗಾದಿಯಿಂದ ಇದೇ ಕಥೆ. ಮಾವನ ಕಣ್ಣು ಮಂಜಾಗಿತ್ತು. ಆದರೆ ಹೊಳೆನರಸೀಪುರದ ಸುತ್ತ ಗೇಟು ಮಾಡಿಸುವವರೆಲ್ಲ ಕೆಂಪಣ್ಣನ ಗೆರೆಯನ್ನು ನಂಬಿ ಬರುವಾಗ, ಅದನ್ನು ಅವರಿಗೇ ಹೇಳುವ ಧೈರ್ಯ ಯಾರಿಗಿದೆ? ಅವರು ಬೆನ್ನು ತಿರುಗಿಸಿದಾಗ ಐಟಿಐನಲ್ಲಿ ಫಿಟ್ಟರ್ ಕಲಿತಿದ್ದ ಭವ್ಯ ಪಕ್ಕದಲ್ಲೇ ಸರಿಯಾದ ಗೀರೆಳೆದು ಚಾಕ್‌ಪೀಸಿನ ಗುರುತು ಹಾಕುತ್ತಿದ್ದಳು. ಗಂಡ ಅಭಿಷೇಕ್ ಆ ಗುರುತು ನೋಡಿಯೇ ಕತ್ತರಿಸುತ್ತಿದ್ದ.

ಈಗ ಹಾಸನದ ಐಟಿಐ ಒಂದರಲ್ಲಿ ಅವಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕು. "ನೀನ್ ಹೋದ್ರೆ ಮಾರ್ಕಿಂಗಿಗೆ ಆಳು ಇಡಬೇಕು. ಅಪ್ಪಂಗೆ ಗೊತ್ತಾಗ್ಬುಡ್ತದೆ ಕಣೆ, ಬ್ಯಾಡ," ಎಂದು ಅಭಿಷೇಕ್ ಮಾತು ಮುಗಿಸಿದ್ದ. ಗೊತ್ತಾಗಲಿ ಎಂದೇ ಅವಳು ಇವತ್ತು ಚಾಕ್‌ಪೀಸು ಮುಟ್ಟಲಿಲ್ಲ. ಒಂದು ಶೀಟು ಹಾಳಾದರೆ ಎಲ್ಲ ಬಯಲಾಗುತ್ತದೆ, ಆಳು ಇಡಲೇಬೇಕಾಗುತ್ತದೆ.

ಅಭಿಷೇಕ್ ಕಟಿಂಗ್ ಮಷಿನ್ ಹಿಡಿದು ಗುರುತು ಹುಡುಕಿದ. ಅವಳ ಮುಖ ನೋಡಿದ.

"ಗೆರೆ ಐತಲ್ಲ, ಕತ್ತರ್ಸ್ರಿ," ಎಂದಳು.

"ತಡಿಲಾ," ಎಂದು ಕೆಂಪಣ್ಣ ವಾಪಸು ಬಂದರು. ಬಗ್ಗಿ ಶೀಟಿನ ಮೇಲೆ ಹೆಬ್ಬೆರಳ ಉಗುರನ್ನು ಅಡ್ಡಡ್ಡ ಎಳೆದರು. ಉಗುರಿಗೆ ಒಂದೇ ಗೀರು ತಡೆಯಿತು.

"ದಿನಾ ಎರಡಿರೋವು. ಮೊದ್ಲನೇದು ನಂದು, ಎರಡ್ನೇದು ಸರಿಯಾದ್ದು. ಇವತ್ತ್ಯಾಕವ್ವ ಬುಟ್ಬುಟ್ಟೆ?"

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಭವ್ಯಳಿಗೆ. ಗೋಡೆಯ ಮೊಳೆಗೆ ನೇತುಹಾಕಿದ್ದ ಬ್ಯಾಗಿನಲ್ಲಿ ನೇಮಕದ ಪತ್ರವಿತ್ತು. ಅದರ ಮಾತೆತ್ತಲು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಕೆಂಪಣ್ಣ ಜೇಬಿನಿಂದ ಸ್ಕ್ರೈಬರ್ ತೆಗೆದು, ಮೊನೆಯನ್ನು ತಮ್ಮ ಕಡೆಗೇ ಇಟ್ಟುಕೊಂಡು ಹಿಡಿಯನ್ನು ಅವಳತ್ತ ಚಾಚಿದರು. "ನನ್ನ ಕಣ್ಣೋದ್ರೇನು, ನೀನಿದೀಯಲ್ಲ. ಇನ್ಮ್ಯಾಕೆ ಕದ್ದು ಗೀರೋದು ಬ್ಯಾಡ ಕಣವ್ವ. ಇದು ನಿಂದೇ."

ಅಭಿಷೇಕ್ ನೆಮ್ಮದಿಯಿಂದ ಉಸಿರು ಬಿಟ್ಟ.

ಸ್ಕ್ರೈಬರಿನ ಹಿಡಿ ಇನ್ನೂ ಬೆಚ್ಚಗಿತ್ತು. ಭವ್ಯ ಮೂಲೆಮಟ್ಟ ಇಟ್ಟು ಮೂವತ್ತಕ್ಕೆ ಗೀರಿದಳು. ತಪ್ಪಲಿ ಎಂದುಕೊಂಡರೂ ಅವಳ ಕೈ ತಪ್ಪಲಿಲ್ಲ.

ಕೆಂಪಣ್ಣ ಅದರ ಮೇಲೆ ಉಗುರಾಡಿಸಿ, "ಹೂಂ," ಎಂದು ಮುಂದಿನ ಶೀಟನ್ನು ಎಳೆದು ಅವಳ ಮುಂದೆ ಹಾಸಿದರು.