ಮುಂದಿನ ಕೊಳವೆ

ಕನ್ನಡದ ವಿಷಯಕ್ಕೆ ಬಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಮೈಸೂರು ಬಿಟ್ಟು ಚೆನ್ನೈಗೆ ಬಂದ ಮೇಲೆ ಅದು ಇನ್ನಷ್ಟು ಹೆಚ್ಚಾಯಿತು. ಅಡ್ಯಾರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಭೂವಿಜ್ಞಾನಿ, ಹೆಸರು ವಿಷ್ಣುತೀರ್ಥ. ನನ್ನ ಬಳಿ ಪಿಎಚ್.ಡಿ.ಗೆ ಸೇರಿದ ಚಿನ್ಮಯಿ ಇದೇ ಊರಿನ ಪೆರಂಬೂರು ಬಡಾವಣೆಯ ಹುಡುಗಿ. ಅವಳ ಅಪ್ಪ ನಂಜುಂಡ ಅಲ್ಲಿಯ ರೈಲು ಕೋಚ್ ಕಾರ್ಖಾನೆಯಲ್ಲಿ ಫಿಟ್ಟರ್. ಮೂರು ತಲೆಮಾರಿನಿಂದ ಅಲ್ಲೇ ಬೇರೂರಿದ ಕನ್ನಡದ ಮನೆ. ಮೊದಲ ದಿನ ಅವಳು "ಸಾರ್, ನಾವೂ ಕನ್ನಡದವ್ರೇ" ಅಂದಾಗ ಹಾಲು ಕುಡಿದಷ್ಟು ಸಂತೋಷವಾಯಿತು. ಅಂದೇ ಅಪ್ಪಣೆ ಹೊರಡಿಸಿದೆ: ಪ್ರಯೋಗಾಲಯದಲ್ಲಿ ನಮ್ಮಿಬ್ಬರ ಮಾತು ಕನ್ನಡದಲ್ಲೇ ಆಗಬೇಕು.

"ಸರಿ ಸಾರ್, ಕನ್ನಡದಲ್ಲೇ ಪೇಸ್ತೀನಿ" ಅಂದಳು. ಮಾತಾಡ್ತೀನಿ ಅನ್ನುವುದಕ್ಕೆ ತಮಿಳಿನ ಪೇಸ್ತೀನಿ! ನಾನು ಹಲ್ಲು ಕಚ್ಚಿದೆ.

ನಮ್ಮ ಕೆಲಸ ಕೆಸರಿನದು. ೨೦೦೧ರಲ್ಲಿ ಅಂಟಾರ್ಟಿಕಕ್ಕೆ ಹೋದ ಒಂದು ತಂಡದಲ್ಲಿ ನಾನಿದ್ದೆ. ಅಲ್ಲಿ ಹೆಪ್ಪುಗಟ್ಟಿದ ಸರೋವರವೊಂದರ ಮೇಲೆ ನಿಂತು, ಮಂಜುಗಡ್ಡೆ ಕೊರೆದು, ತಳಕ್ಕೆ ಪ್ಲಾಸ್ಟಿಕ್ ಪೈಪು ಹೊಡೆದು, ನೂರಿಪ್ಪತ್ತು ಸೆಂಟಿಮೀಟರ್ ಕೆಸರನ್ನು ಇದ್ದ ಹಾಗೇ ಮೇಲೆತ್ತಿದೆವು. ನನ್ನ ಎದೆಮಟ್ಟಕ್ಕೂ ಬರದ ಆ ಕೆಸರಿನಲ್ಲಿ ಒಂಬತ್ತು ಸಾವಿರ ವರ್ಷಗಳಿದ್ದವು. ಚಳಿ ಕಟುವಾಗಿದ್ದ ಕಾಲದಲ್ಲಿ ಬರೀ ಮರಳು ಕೂತಿದೆ. ಬೇಸಿಗೆಯಲ್ಲಿ ಮಂಜು ಕರಗಿ ನೀರಿಗೆ ಬಿಸಿಲು ಬಿದ್ದ ಕಾಲದಲ್ಲಿ ಪಾಚಿ ಬೆಳೆದು, ಸತ್ತು, ತಳ ಸೇರಿದೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ನಮ್ಮ ವಿದ್ಯೆಗೆಲ್ಲ ಇದೊಂದೇ ಆಧಾರ.

ಆ ಕೆಸರನ್ನು ನಾಲ್ಕು ಕೊಳವೆಗಳಾಗಿ ಕತ್ತರಿಸಿ, ಮೇಲಿನಿಂದ ಕೆಳಕ್ಕೆ ಒಂದರಿಂದ ನಾಲ್ಕರವರೆಗೆ ಸಂಖ್ಯೆಯ ಚೀಟಿ ಅಂಟಿಸಿ, ಒಂದೊಂದನ್ನೂ ಉದ್ದಕ್ಕೆ ಸೀಳಿ, ಒಂದು ಅರ್ಧ ಪರೀಕ್ಷೆಗೆ, ಇನ್ನೊಂದು ಅರ್ಧ ಯಾರೂ ಮುಟ್ಟದ ಕಾಯ್ದಿರಿಸಿದ ಭಾಗ ಎಂದು ಜೊತೆಯಾಗಿ ಕಟ್ಟಿ, ಶೀತಲ ಕೋಣೆಯಲ್ಲಿಟ್ಟೆವು. ಹಾಳಾದರೆ ಹೋಗಿ ಇನ್ನೊಂದು ತರೋಣ ಎನ್ನಲು ಅದು ಪುರಸೈವಾಕ್ಕಂ ಪೇಟೆಯ ಸೀರೆಯಲ್ಲ.

೨೦೦೩ರ ಮೇ ತಿಂಗಳ ಕೆಂಡದಂಥ ಬಿಸಿಲಲ್ಲಿ ಶೀತಲ ಕೋಣೆಯ ಯಂತ್ರ ಕೈಕೊಟ್ಟಿತು. ಕೊಳವೆಗಳೆಲ್ಲ ಬೆವೆತು, ನಡುವಿನ ಎರಡರ ಚೀಟಿಗಳು ಕಳಚಿ ನೆಲದ ನೀರಲ್ಲಿ ತೇಲುತ್ತಿದ್ದವು. ಯಾವ ಕೊಳವೆ ಯಾವ ಜಾಗದಲ್ಲಿದೆ ಎಂಬುದು ನನಗೆ ಬಾಯಿಪಾಠ. ಎರಡನ್ನೂ ಒಟ್ಟಿಗೆ ಎಳೆದು ಹೊರಬಂದೆ. ಕನ್ನಡಕಕ್ಕೆ ಹಬೆ ಕೂತು ಏನೂ ಕಾಣದು. ಬಲಗೈ ಎತ್ತಿ "ಇದು ಮುಂದಿನ ಕಾಲದ್ದು" ಎಂದೆ. ಎಡಗೈ ಎತ್ತಿ "ಇದು ಹಿಂದಿನ ಕಾಲದ್ದು, ಬರ್ಕೋ" ಎಂದೆ. ಚಿನ್ಮಯಿ ಅಳಿಸದ ಶಾಯಿಯಲ್ಲಿ ಸಂಖ್ಯೆ ಬರೆದಳು. ಕೊಳವೆಗಳು ಬೇರೆ ಕಟ್ಟಡದ ಫ್ರಿಜ್ಜಿಗೆ ಹೋದವು.

ಆಮೇಲೆ ಒಂದೂವರೆ ವರ್ಷ ಅವಳು ಸೂಕ್ಷ್ಮದರ್ಶಕಕ್ಕೆ ಅಂಟಿಕೊಂಡು ಕೂತಳು. ಸೆಂಟಿಮೀಟರಿಗೊಂದು ಚಿಟಿಕೆ ಕೆಸರು ತೆಗೆದು, ಅದರಲ್ಲಿನ ಪಾಚಿಯ ಗಾಜಿನಂಥ ಚಿಪ್ಪುಗಳನ್ನು ಒಂದೊಂದಾಗಿ ಎಣಿಸಿದಳು. ನಡುವೆ ಎರಡು ಚಿಕ್ಕ ಬೆಚ್ಚನೆಯ ಕಾಲಗಳು ಬಂದುಹೋಗಿವೆ ಎಂದು ಅವಳ ನಕ್ಷೆ ಹೇಳಿತು. ನಾನೂ ಮೆಚ್ಚಿಕೊಂಡೆ.

೨೦೦೫ರ ಫೆಬ್ರವರಿಯಲ್ಲಿ, ವಿದೇಶಕ್ಕೆ ಕಳಿಸಿದ್ದ ಮಾದರಿಗಳ ವಯಸ್ಸು ಬಂತು. ಎರಡನೆಯ ಕೊಳವೆಯ ಕೆಸರು ಮೂರನೆಯದಕ್ಕಿಂತ ಎರಡು ಸಾವಿರ ವರ್ಷ ಹಳೆಯದಂತೆ! ಮೊಮ್ಮಗ ಅಜ್ಜನಿಗಿಂತ ಮೊದಲು ಹುಟ್ಟಿದ ಹಾಗಾಯಿತು. ಹೀಗೆ ಬರೆದರೆ ಪರೀಕ್ಷಕರು ಪ್ರಬಂಧವನ್ನು ಮುಖಕ್ಕೆ ಎಸೆಯುತ್ತಾರೆ. ಅವಳ ಫೆಲೋಶಿಪ್ಪಿಗೆ ಉಳಿದಿದ್ದದ್ದು ಆರು ತಿಂಗಳು.

ಕೊಳವೆಗಳ ಮೇಲೆ ನನಗೆ ಅನುಮಾನ ಬರಲಿಲ್ಲ. ನಾನೇ ಬಾಯಾರೆ ಹೇಳಿ ಬರೆಸಿದ್ದು, ತಪ್ಪುವುದು ಹೇಗೆ?

"ಮಾದರಿ ಚೀಲಗಳನ್ನೆಲ್ಲ ಕಲಸಿಬಿಟ್ಟಿದ್ದೀಯ. ಅಂಟಾರ್ಟಿಕದ ಕೆಸರು ಅಂದ್ರೆ ಇಡ್ಲಿ ಹಿಟ್ಟು ಅಂದ್ಕೊಂಡ್ಯಾ?" ಎಂದು ಎಲ್ಲರೆದುರಿಗೆ ಕೂಗಾಡಿದೆ.

"ಇಲ್ಲ ಸಾರ್, ಸತ್ಯಮಾ ಇಲ್ಲ. ನೀವು ಹೇಳ್ದಂಗೇ ಮಾಡ್ದೆ" ಅಂದಳು.

ನನಗೆ ಕರುಣೆ ಬರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಈ ವಿದ್ಯಾರ್ಥಿನಿಯ ದತ್ತಾಂಶ ನಂಬಲರ್ಹವಲ್ಲ, ನೋಂದಣಿ ರದ್ದು ಮಾಡಬಹುದು ಎಂದು ನಿರ್ದೇಶಕರಿಗೆ ಪತ್ರ ಬರೆದೆ. ಮರುದಿನದಿಂದ ಅವಳು ಬರಲಿಲ್ಲ. ವಾರ ಕಾದೆ. ಅವಳ ಟಿಪ್ಪಣಿ ಪುಸ್ತಕ ಸಂಸ್ಥೆಯ ಆಸ್ತಿ, ಅದನ್ನು ಕಿತ್ತುಕೊಂಡು ಬರೋಣವೆಂದು ಒಂದು ಬೆಳಿಗ್ಗೆ ೨೯ಸಿ ಬಸ್ಸು ಹತ್ತಿದೆ.

ಪೆರಂಬೂರಿನ ಮನೆಯಲ್ಲಿ ಅವಳ ಅಜ್ಜಿ ಸಣ್ಣಮ್ಮ ಒಬ್ಬರೇ ಇದ್ದರು. "ಬನ್ನಿ ಸ್ವಾಮಿ, ನಮ್ಮ ಚಿನ್ಮಯಿ ಪಾಪ ಅಂಗಡಿಗೆ ಹೋಗೈತೆ, ಇಪ್ಪೋ ಬಂದ್ಬಿಡ್ತೈತೆ" ಎಂದು ಕೂರಿಸಿ ಕಾಫಿ ಕೊಟ್ಟರು. ನಾನು ಬಿಗಿದುಕೊಂಡೇ ಕೂತಿದ್ದೆ. ಅವರಿಗೆ ಮಾತು ಬೇಕಿತ್ತು.

"ನೀವೂ ಕೆರೆ ವಿಷಯವೇ ಓದಿರೋರಂತೆ. ಈ ಜಾಗವೂ ಕೆರೆಯೇ ಸ್ವಾಮಿ. ಮುಂದೆ ಇಲ್ಲೆಲ್ಲ ರೊಂಬ ನೀರು. ಹಿಂದೆ ಮನೆಗಳು ಬಂದ್ವು."

ಸುಮ್ಮನಿರಲಾಗದೆ ತಿದ್ದಿದೆ. "ಹಿಂದೆ ನೀರಿತ್ತು, ಮುಂದೆ ಮನೆ ಬಂದವು ಅನ್ನಬೇಕು ಅಜ್ಜಿ."

"ಅದೆಂಗಾಗ್ತದೆ? ಮುಂದಿನ ಕಾಲದಲ್ಲಿ ನೀರು. ನಮ್ಮತ್ತೆ ಅಲ್ಲೇ ಬಟ್ಟೆ ಒಗೀತಿದ್ರು. ಮನೆ ಬಂದಿದ್ದು ಅದರ ಹಿಂದೆ."

ಕಾಫಿ ಲೋಟ ಕೈಯಲ್ಲೇ ನಿಂತಿತು. ಆರು ವರ್ಷದಿಂದ ಈ ಊರಲ್ಲಿದ್ದೇನೆ. ತಮಿಳಿನಲ್ಲಿ 'ಮುಂದಿನ ನಾಳ್' ಎಂದರೆ ನಾಳೆಯಲ್ಲ, ಹಿಂದಿನ ದಿನ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಅಷ್ಟರಲ್ಲಿ ಚಿನ್ಮಯಿ ತರಕಾರಿ ಚೀಲ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ನನ್ನನ್ನು ಕಂಡು ಮುಖ ಬಿಳಿಚಿಕೊಂಡಿತು.

"ಚಿನ್ಮಯಿ, ಮುಂದಿನ ವರ್ಷ ಅಂದ್ರೆ ಯಾವುದು?"

"ಹೋದ ವರ್ಷ ಸಾರ್. ಏನ್ ಸಾರ್?"

"೨೦೦೬ಕ್ಕೆ ಏನಂತೀಯ?"

"ಬರೋ ವರ್ಷ ಅಂತೀವಿ."

"ಶೀತಲ ಕೋಣೆ ಕೆಟ್ಟ ದಿನ ನಾನು ಬಲಗೈ ಎತ್ತಿ ಮುಂದಿನ ಕಾಲದ್ದು ಅಂದೆನಲ್ಲ, ಅದಕ್ಕೆ ಯಾವ ನಂಬರ್ ಹಾಕ್ದೆ?"

"ಮೂರು. ಮುಂದಿನದು ಅಂದ್ರೆ ಪಳೇದು ತಾನೇ? ಪಳೇದು ಕೆಳಗೆ ಇರಬೇಕಲ್ವಾ ಸಾರ್..." ಎನ್ನುತ್ತಿದ್ದವಳು ನಡುವೆಯೇ ನಿಂತಳು. ಚೀಲ ಕೈಜಾರಿ ಟೊಮೆಟೊ ಉರುಳಿದವು.

ನಾನು ಮುಂದಿನದು ಅಂದದ್ದು ಮೇಲಿನ ಹೊಸ ಕೆಸರಿಗೆ, ಎರಡನೆಯ ಕೊಳವೆಗೆ. ಆಟೋ ಹಿಡಿದು ಸಂಸ್ಥೆಗೆ ಬಂದೆವು. ದಾರಿಯುದ್ದಕ್ಕೂ ನನ್ನ ಮನಸ್ಸು ಒಂದನ್ನೇ ಜಪಿಸುತ್ತಿತ್ತು: ವಯಸ್ಸು ಹೊಂದಲಿಲ್ಲವೆಂದು ಕೊಳವೆ ಬದಲಿಸಿದರೆ ಅದು ವಿಜ್ಞಾನವಲ್ಲ, ಕಳ್ಳತನ. ಕೆಸರೇ ಸಾಕ್ಷಿ ಹೇಳಬೇಕು.

ಯಾರೂ ಮುಟ್ಟದ ಆ ಅರ್ಧಗಳನ್ನು ಮೇಜಿನ ಮೇಲೆ ಸಾಲಾಗಿ ಬಿಚ್ಚಿದೆವು. ಬರೆದ ಸಂಖ್ಯೆಯ ಪ್ರಕಾರ ಇಟ್ಟಾಗ ಕೂಡುವ ಕಡೆಯೆಲ್ಲ ಬಣ್ಣ ತಪ್ಪುತ್ತಿತ್ತು, ಮರಳಿಗೆ ಪಾಚಿ, ಪಾಚಿಗೆ ಮರಳು. ನಡುವಿನ ಎರಡನ್ನು ಅವಳೇ ಎತ್ತಿ ಅದಲುಬದಲು ಮಾಡಿದಳು. ಎರಡು ತುದಿಗಳು ಹತ್ತಿರ ಬಂದವು. ಎರಡರಲ್ಲೂ ಕಂದು ಹಸಿರಿನ ದಪ್ಪ ಪಾಚಿಯ ಪದರ. ಭೂತಗನ್ನಡಿ ಹಿಡಿದೆ. ಪಾಚಿಯ ಜೊತೆ ಬೆಳೆಯುವ ಪುಟ್ಟ ಹಾವಸೆ ಗಿಡದ ಒಂದು ಎಳೆ ಈ ಕೊಳವೆಯಲ್ಲಿ ಓರೆಯಾಗಿ ಏರಿ ಕತ್ತರಿಸಿದ ಜಾಗಕ್ಕೆ ಬಂದಿತ್ತು, ಅದರ ಉಳಿದ ತುಂಡು ಆ ಕೊಳವೆಯಲ್ಲಿ ಅದೇ ಓರೆಯಲ್ಲಿ ಮುಂದುವರಿದಿತ್ತು. ಒಂದೇ ಗಿಡ. ನಾಲ್ಕೂವರೆ ಸಾವಿರ ವರ್ಷದ ಕೆಳಗೆ ಬದುಕಿದ್ದದ್ದು. ಅದರ ಎಲೆಯಲ್ಲಿ ಇನ್ನೂ ಹಸಿರಿತ್ತು.

ಮೈಯೆಲ್ಲ ಜುಮ್ಮೆಂದಿತ್ತು. ಇಪ್ಪತ್ತೈದು ವರ್ಷ ಕೆಸರು ನೋಡಿದವನಿಗೆ ಆ ದಿನ ಮೊದಲ ಬಾರಿಗೆ ಕೈಮುಗಿಯಬೇಕೆನಿಸಿತು. ಕೈಮುಗಿಯುವ ಮೊದಲು ಇನ್ನೊಂದು ಕೆಲಸವಿತ್ತು. ಮಹಡಿ ಹತ್ತಿ ನಿರ್ದೇಶಕರ ಮುಂದೆ ನಿಂತು, ಆ ಪತ್ರ ತಪ್ಪು, ಹುಡುಗಿಯ ಕೆಲಸದಲ್ಲಿ ಒಂದು ಚುಕ್ಕೆಯಷ್ಟೂ ಕೊರತೆಯಿಲ್ಲ, ಎಡವಿದ್ದು ನಾನು ಎಂದು ಬರೆದುಕೊಟ್ಟು ಬಂದೆ. ಕೆಳಗೆ ಬಂದು ಅವಳಿಗೂ ಅದನ್ನೇ ಹೇಳಿದೆ. "ತಪ್ಪಾಯ್ತಮ್ಮ" ಎಂದಾಗ ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಅವಳು ತಲೆ ಎತ್ತಲಿಲ್ಲ. ಹೊಸ ಕ್ರಮದಲ್ಲಿ ನಕ್ಷೆ ಬರೆಯುತ್ತಿದ್ದಳು. ಅಂಕಿಗಳೆಲ್ಲ ಅವೇ, ಅವಳು ಎಣಿಸಿದ್ದವೇ. ಪೆನ್ಸಿಲ್ಲು ನಿಧಾನವಾಗಿ ಏರಿತು, ಬಹಳ ಹೊತ್ತು ಮೇಲೆಯೇ ಸಾಗಿತು, ಆಮೇಲೆ ಇಳಿಯಿತು. ಎರಡು ಚಿಕ್ಕ ಬೆಚ್ಚನೆಯ ಕಾಲಗಳು ಎಂದುಕೊಂಡದ್ದು ಎರಡಾಗಿರಲೇ ಇಲ್ಲ. ಅದು ಒಂದೇ, ನಡುವೆ ನಾವು ಮುರಿದದ್ದು.

"ಸಾವಿರ ವರ್ಷ ಸಾರ್," ಎಂದಳು ಪಿಸುದನಿಯಲ್ಲಿ. "ಸಾವಿರ ವರ್ಷ ಪ್ರತಿ ಬೇಸಿಗೇನೂ ಐಸ್ ಕರಗಿ ನೀರು ತೆರೆದೇ ಇತ್ತು. ಗಿಡ ಬೆಳೀತಿತ್ತು. ನೋಡೋಕೆ ಅಲ್ಲಿ ಒಬ್ಬ ಮನುಷ್ಯನೂ ಇರ್ಲಿಲ್ಲ." ಕಣ್ಣೊರೆಸಿಕೊಂಡಳು. "ಆ ಸರೋವರದ ಈ ಕತೆ ಇಡೀ ಭೂಮೀಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿರೋದು, ಅಲ್ವಾ ಸಾರ್?"

"ಇಬ್ಬರಿಗೂ ಅಂತ ಹೇಳ್ಬೇಡ," ಎಂದೆ. "ನೀನು ಗೆರೆ ಎಳೆದು ಮುಗಿಸಿದ ಮೇಲೆ ನಾನು ನೋಡಿದ್ದು. ಮೊದಲು ಗೊತ್ತಾದದ್ದು ನಿನಗೆ."